ಜೋಡಿ ತೂತಿನ ಹುಳು

ಇಷ್ಟೆಲ್ಲ ರಂಪಕ್ಕೆ ಕಾರಣ ಒಂದು ಹಸಿರು ಹುಳು. ಕಿರುಬೆರಳಿನ ಅರ್ಧದಷ್ಟೂ ಇಲ್ಲದ ಆ ಹುಳು ತಿಂಗಳ ಕೆಳಗೆ ಒಂದು ಬೆಳಿಗ್ಗೆ ಅಧ್ಯಕ್ಷರ ಎಲೆಕೋಸಿನ ಮೇಲೆ, ಬಾಡಿಗೆ ಮನೆ ನೋಡಲು ಬಂದವರ ಹಾಗೆ, ಆ ಕಡೆ ಈ ಕಡೆ ತಲೆಯಾಡಿಸುತ್ತ ನಡೆದುಹೋಯಿತು. ಮನೆ ಅದಕ್ಕೆ ಒಪ್ಪಿಗೆಯಾದಂತೆ ಕಂಡಿತು. ಅಧ್ಯಕ್ಷರಿಗೆ ಒಪ್ಪಿಗೆಯಾಗಲಿಲ್ಲ.

ಅಧ್ಯಕ್ಷರೆಂದರೆ ಭಾರಿ ಅಧ್ಯಕ್ಷರೇನಲ್ಲ. ಅಕ್ಕಪಕ್ಕದ ಏಳು ಮನೆಯ ರೈತರು ಸೇರಿ ಮಾಡಿಕೊಂಡ ಸಣ್ಣ ಸಂಘವೊಂದಕ್ಕೆ ಅಧ್ಯಕ್ಷರು. ವಿಷ ಹೊಡೆಯದೆ, ಮಣ್ಣು ಕೆಡಿಸದೆ, ಒಬ್ಬರಿಗೊಬ್ಬರು ಹೆಗಲು ಕೊಟ್ಟು ಬೇಸಾಯ ಮಾಡುವವರಿಗೆ ಸರ್ಕಾರ ಅನುದಾನ ಕೊಡುತ್ತದೆಂದು ತಿಳಿದಾಗ ಆ ಸಂಘ ಹುಟ್ಟಿತು. ಯಾರು ಅಧ್ಯಕ್ಷರಾಗುತ್ತೀರಿ ಎಂಬ ಪ್ರಶ್ನೆ ಬಂದಾಗ ಉಳಿದವರೆಲ್ಲ ನೆಲ ನೋಡಿದರು, ಇವರೊಬ್ಬರು ಮುಂದೆ ನೋಡುತ್ತಿದ್ದರು. ಅಷ್ಟಕ್ಕೇ ಆಯ್ಕೆಯಾಗಿಬಿಟ್ಟರು.

ಅನುದಾನದ ಮೊದಲ ಕಂತಿನಲ್ಲಿ ಎಲ್ಲರಿಗೂ ಸೇರಿದ ಗೊಬ್ಬರದ ತೊಟ್ಟಿಗಳಾದವು, ಸರದಿಯ ಮೇಲೆ ಬಳಸಲು ಕಳೆ ತೆಗೆಯುವ ಯಂತ್ರ ಬಂತು. ಎರಡನೆಯ ಕಂತು ಬಂದರೆ ತರಕಾರಿ ಇಡಲು ಒಂದು ತಂಪು ಕೋಣೆ. ಅದಕ್ಕಾಗಿ ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವರು ಮೂಲೆ ಹೊಲದ ಅಕ್ಕ. ಒಂಟಿ ಹೆಂಗಸು. ಅವರು ಕೊಯ್ದ ಸೊಪ್ಪು ತರಕಾರಿ ಮಾರುಕಟ್ಟೆಯ ಗಾಡಿ ಬರುವಷ್ಟರಲ್ಲಿ ಅರ್ಧ ಬಾಡಿ ಹೋಗುತ್ತಿತ್ತು. ಆದರೆ ಅನುದಾನಕ್ಕೆ ಒಂದು ಷರತ್ತು ಇತ್ತು. ಏಳರಲ್ಲಿ ಒಬ್ಬರು ವಿಷ ಹೊಡೆದರೂ ಏಳು ಮನೆಗೂ ಎರಡನೆಯ ಕಂತು ಇಲ್ಲ.

ಈ ಷರತ್ತಿನ ಬಗ್ಗೆ ಅಧ್ಯಕ್ಷರು ಮಾಡಿದ ಭಾಷಣ ಊರಿನವರಿಗೆಲ್ಲ ಬಾಯಿಪಾಠವಾಗಿತ್ತು. "ಔಷಧಿ ಹೊಡೀತೀನಿ ಅಂತ ಯಾರೂ ಇನ್ನು ಅನ್ನಬಾರದು. ಅದು ಔಷಧಿ ಅಲ್ಲ, ವಿಷ. ನಮ್ಮ ಹೊಲದ ಎಲೆಯನ್ನ ಕಿತ್ತು, ತೊಳೀದೆ, ನೇರವಾಗಿ ಬಾಯಿಗೆ ಹಾಕೋ ಹಾಗಿರಬೇಕು!" ಎಂದು ಅವರು ಕೈಯೆತ್ತಿ ಹೇಳುವಾಗ ಕೂತವರಲ್ಲಿ ಕೆಲವರು ತಿಳಿಯದೆ ಬಾಯಿ ತೆರೆಯುತ್ತಿದ್ದರು. ಮೊದಲ ಭಾಷಣವಾದ ವಾರಕ್ಕೆ ಎಲ್ಲರ ಮನೆಯಲ್ಲಿ ಉಳಿದಿದ್ದ ಬಾಟಲಿಗಳನ್ನು ತರಿಸಿ, ಸಾಲಾಗಿ ನಿಲ್ಲಿಸಿ, ಹಿಂದೆ ತಾವು ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಬಾಟಲಿಗಳನ್ನು, ಮೊದಲೇ ಹೇಳಿದ್ದಂತೆ, ತಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಇಡಿಸಿದರು. ಒಳ್ಳೆಯ ಜಾಗದಲ್ಲಿ ವಿಲೇವಾರಿ ಮಾಡಿಸುವ ಜವಾಬ್ದಾರಿ ತಮ್ಮದೆಂದರು. ಆ ಕೋಣೆಗೆ ಬಾಗಿಲಿತ್ತು, ಚಿಲಕ ಇರಲಿಲ್ಲ. ಅಂಬೆಗಾಲಿಡುವ ಅವರ ಮೊಮ್ಮಗಳು ಒಮ್ಮೆ ಅಲ್ಲಿನ ಬುಟ್ಟಿಯೊಳಗೆ ಕೂತು ಸಿಕ್ಕಿದ್ದಳು. ಚಿಲಕ ಹಾಕಿಸಬೇಕು ಎಂದು ಹೆಂಡತಿ ಹೇಳುತ್ತಲೇ ಇದ್ದರು, ಅಧ್ಯಕ್ಷರು ನಾಳೆ ಎನ್ನುತ್ತಲೇ ಇದ್ದರು.

ಹಸಿರು ಹುಳು ಕಂಡ ಮರುದಿನ ಬೆಳಕು ಹರಿಯುವ ಮುಂಚೆ ಆ ಬಾಗಿಲು ಮೆಲ್ಲನೆ ತೆರೆದುಕೊಂಡಿತು.

ಅಧ್ಯಕ್ಷರ ಮನಸ್ಸಿನಲ್ಲಿ ಇದ್ದದ್ದು ದುರಾಸೆಯಲ್ಲ, ಮರ್ಯಾದೆಯ ಚಿಂತೆ. ಪರಿಶೀಲನೆಗೆ ಬರುವವರು ಮೊದಲು ನೋಡುವುದು ಅಧ್ಯಕ್ಷರ ಹೊಲವನ್ನು. ಅಧ್ಯಕ್ಷರ ಕೋಸೇ ಹರಿದ ಬನಿಯನ್ನಿನ ಹಾಗಿದ್ದರೆ ಹೇಗೆ? ಒಂದೇ ಸಲ, ಸ್ವಲ್ಪವೇ ಸ್ವಲ್ಪ, ಎಂದುಕೊಂಡು ಕೈಗೆ ಸಿಕ್ಕ ಬಾಟಲಿ ಎತ್ತಿಕೊಂಡರು. ಬಿಳಿ ಮುಚ್ಚಳದ ಬಾಟಲಿ. ಅದು ಅಕ್ಕ ಕೊಟ್ಟದ್ದು ಎಂದು ನೆನಪಾಗಿ ಒಂದು ಕ್ಷಣ ವಾಪಸ್ ಇಟ್ಟರು. ಇನ್ನೊಂದರ ಮುಚ್ಚಳ ತುಕ್ಕು ಹಿಡಿದು ತಿರುಗಲಿಲ್ಲ. ಮತ್ತೆ ಅದನ್ನೇ ತೆಗೆದುಕೊಂಡರು. ಮೂಗಿಗೆ ಟವೆಲ್ಲನ್ನು ಮೂರು ಸುತ್ತು ಬಿಗಿದು, ಉಸಿರು ಹಿಡಿದು ಹೊಡೆದರು. ಎಲೆಯ ಮೇಲೆ ನೊರೆ ನೊರೆಯಾಗಿ ನಿಂತಿತು. 'ಅಬ್ಬ, ಎಂಥ ಕಡಕ್ ಮಾಲು!' ಎಂದುಕೊಂಡರು. ಒಂದೇ ಸಲ ಎಂದದ್ದು ವಾರಕ್ಕೆರಡು ಸಲವಾಯಿತು. ಕೊನೆಯ ಸಲ ಹೊಡೆದದ್ದು ಮೊನ್ನೆ.

ಕೋಸುಗಳು ತೊಳೆದಿಟ್ಟ ತಪ್ಪಲೆಗಳ ಹಾಗೆ ಮಿರಮಿರ ಮಿಂಚತೊಡಗಿದವು. ಅಧ್ಯಕ್ಷರು ಮಾತ್ರ ಅಕ್ಕ ಎದುರಿಗೆ ಬಂದರೆ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗತೊಡಗಿದರು.

ಹೀಗಿರುವಾಗ ಈ ದಿನ ಬೆಳಿಗ್ಗೆ ಹಾಲಿನ ಡೈರಿಯ ಗುಮಾಸ್ತ ಸೈಕಲ್ ತಳ್ಳಿಕೊಂಡು ಬಂದ. ಸಂಘದ ಕಾಗದ ಪತ್ರಗಳನ್ನು ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದವನು ಅವನೇ.

"ಅಧ್ಯಕ್ಷರೇ, ಮಧ್ಯಾಹ್ನ ಇಲಾಖೆಯ ಮೇಡಂ ಬರ್ತಿದ್ದಾರೆ. ಎರಡನೇ ಕಂತಿಗೆ ಹೊಲ ನೋಡೋಕೆ."

"ಬರಲಿ, ಬರಲಿ. ನಮ್ಮ ಕೋಸು ನೋಡಿದರೆ ಅವರೇ ಬೆರಗಾಗ್ತಾರೆ."

"ಅಲ್ಲೇ ಇರೋದು ಕಷ್ಟ," ಎಂದು ಗುಮಾಸ್ತ ದನಿ ತಗ್ಗಿಸಿದ. "ಈ ಮೇಡಂ ತೂತು ನೋಡ್ತಾರಂತೆ. ಎಲೇಲಿ ತೂತು ಇದ್ರೆ ಹುಳು ಇದೆ, ಹುಳು ಇದ್ರೆ ವಿಷ ಇಲ್ಲ ಅಂತ ಲೆಕ್ಕವಂತೆ. ಆಚೆ ಊರಲ್ಲಿ ಎಲೆ ಚೆನ್ನಾಗಿದ್ದದ್ದಕ್ಕೇ ಕಂತು ನಿಂತುಹೋಯ್ತಂತೆ!"

"ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರಪ್ಪ."

ಅಧ್ಯಕ್ಷರು ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು. ಗುಮಾಸ್ತ ಹೋದದ್ದೇ ತಡ ಹೊಲಕ್ಕೆ ಓಡಿದರು. ಒಂದಾದರೂ ತೂತು? ಎಲೆ ಎಲೆ ತಿರುಗಿಸಿ ನೋಡಿದರು. ಒಂದೂ ಇಲ್ಲ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಒಂದು ಗುಲಗಂಜಿ ಹುಳು ಅವರ ಮುಂಗೈ ಮೇಲೆ ಹತ್ತಿತು. "ನೀನೊಬ್ಬ ಕಮ್ಮಿ ಇದ್ದೆ" ಎಂದು ಅದನ್ನು ಉಫ್ ಎಂದು ಊದಿದರು.

ಬೇಲಿಯಾಚೆ ಅಕ್ಕನ ಹೊಲ. ಅಲ್ಲಿನ ಕೋಸುಗಳು ಜರಡಿಯಂತೆ ತೂತು ತೂತಾಗಿದ್ದವು. ಜೀವನದಲ್ಲಿ ಮೊದಲ ಬಾರಿಗೆ ಅಧ್ಯಕ್ಷರಿಗೆ ಇನ್ನೊಬ್ಬರ ಹುಳುಗಳನ್ನು ಕಂಡು ಹೊಟ್ಟೆಕಿಚ್ಚಾಯಿತು. ಸುತ್ತ ನೋಡಿದರು. ಯಾರೂ ಇಲ್ಲ. ಬೇಲಿ ದಾಟಿ ನಾಲ್ಕಾರು ಹುಳುಗಳನ್ನು ಆರಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಅಯ್ಯೋ ಅಣ್ಣಾ!"

ಅಕ್ಕ ಹಿಂದೆಯೇ ನಿಂತಿದ್ದರು, ಸೊಂಟದ ಮೇಲೆ ಬಿಂದಿಗೆ. ಅಧ್ಯಕ್ಷರು ಜೇಬಿನ ಮೇಲೆ ಕೈ ಮುಚ್ಚಿಕೊಂಡರು.

"ನನ್ನ ಹುಳು ಆರಿಸ್ತಿದ್ದೀರಾ? ಆ ಸೊಂಟನೋವು ಇಟ್ಕೊಂಡು? ನಾನೊಬ್ಬಳೇ ಇದ್ದೀನಿ ಅಂತ ತಾನೇ?" ಅಕ್ಕನ ಕಣ್ಣು ಒದ್ದೆಯಾಯಿತು. "ನಿಮ್ಮಂಥೋರು ಅಧ್ಯಕ್ಷರಾಗಿರೋದು ನಮ್ಮ ಪುಣ್ಯ."

"ಅದು... ದಾರೀಲಿ ಹೋಗ್ತಾ ಇದ್ದೆ, ಕಂಡವು..."

"ಸುಮ್ಮನಿರಿ, ನೀವು ಹೇಳಿಕೊಳ್ಳೋರಲ್ಲ." ಅಕ್ಕ ಬಿಂದಿಗೆ ಇಳಿಸಿ, ಸೆರಗಿನಲ್ಲಿ ಕಟ್ಟಿದ್ದ ಹುರಿದ ಕಡಲೆಯನ್ನು ಅವರ ಕೈಗೆ ಸುರಿದರು. ಅಧ್ಯಕ್ಷರು ಒಂದು ಕೈಯಲ್ಲಿ ಕಡಲೆ, ಒಂದು ಕೈ ಜೇಬಿನ ಮೇಲೆ ಇಟ್ಟುಕೊಂಡು ಬಂದರು. ಕಡಲೆ ತಿನ್ನಲು ಮನಸ್ಸಾಗಲಿಲ್ಲ. ಚೆಲ್ಲಲೂ ಮನಸ್ಸಾಗಲಿಲ್ಲ.

ಕದ್ದು ತಂದ ಹುಳುಗಳನ್ನು ತಮ್ಮ ಕೋಸಿನ ಮೇಲೆ ಬಿಟ್ಟು ಎದುರಿಗೆ ಕುಕ್ಕರುಗಾಲಲ್ಲಿ ಕೂತರು. "ತಿನ್ನಿ" ಎಂದರು. ಹುಳುಗಳು ಮುನಿಸಿಕೊಂಡು ಊಟಕ್ಕೆ ಏಳದ ಬೀಗರ ಹಾಗೆ ಸುರುಟಿಕೊಂಡು ಕೂತವು. "ನಿಮ್ಮ ದಮ್ಮಯ್ಯ, ಒಂದೊಂದು ತುತ್ತು." ಊಹೂಂ. ನಾನು ಹೊಡೆದ ವಿಷದ ವಾಸನೆಗೇ ಹೆದರಿವೆ ಎಂದುಕೊಂಡು ಅಧ್ಯಕ್ಷರು ಇನ್ನಷ್ಟು ಕುಗ್ಗಿದರು.

ಹೆಂಡತಿ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಬದುವಿನ ಮೇಲೆ ಬಂದರು. "ರೀ, ಯಾರ ಜೊತೆ ಮಾತು?"

"ಯಾರ ಜೊತೇನೂ ಇಲ್ಲ. ಭಾಷಣ ಅಭ್ಯಾಸ."

"ಬಗ್ಗಿ ಕೂತುಕೊಂಡಾ?" ಎಂದು ಆಕೆ ಒಂದು ನೋಟ ನೋಡಿ ಹೋದರು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸಿನ ನೋಟ ಅದು. ಪ್ರಶ್ನೆ ಕೇಳುವುದಿಲ್ಲ, ಉತ್ತರ ತಾನಾಗಿ ಬರಲಿ ಎಂದು ಕಾಯುತ್ತದೆ.

ಮೊಳೆಯಿಂದ ತೂತು ಮಾಡಲು ನೋಡಿದರು. ಎಲೆ ಸೀಳಿತು. ಬೀಡಿ ಹಚ್ಚಿ ಅದರ ತುದಿ ಒತ್ತಿದರು. ಸುಟ್ಟ ಅಂಚು ಯಾವ ಹುಳುವಿಗೂ ಹೊಂದುವ ಹಾಗಿರಲಿಲ್ಲ. ಆಗ ನೆನಪಾಯಿತು ಡೈರಿಯ ಗುಮಾಸ್ತನ ಮೇಜಿನ ಮೇಲಿದ್ದ ಪಂಚಿಂಗ್ ಮಿಷನ್. ಕಾಗದ ಫೈಲಿಗೆ ಹಾಕುವ ಮುಂಚೆ ಕಟಕ್ ಎಂದು ತೂತು ಕೊರೆಯುವ ಆ ಪುಟ್ಟ ಸಾಧನ.

"ಯಾಕೆ ಬೇಕು?" ಎಂದ ಗುಮಾಸ್ತ.

"ಮನೇಲಿ ಕಾಗದ ಇದೆ. ಹಳೇ ಕಾಗದ. ತುಂಬ."

"ಮೇಡಂ ಬರೋ ಹೊತ್ತಿಗೆ ವಾಪಸ್ ಬೇಕು ಮತ್ತೆ. ಅವರ ವರದಿ ಫೈಲಿಗೆ ಹಾಕಬೇಕು."

ಹೀಗೆ ಅಧ್ಯಕ್ಷರು ತಮ್ಮದೇ ಹೊಲದಲ್ಲಿ, ತಮ್ಮದೇ ಕೋಸಿಗೆ, ತಾವೇ ಹುಳುವಾದರು. ಕಟಕ್. ಕಟಕ್. ಕಟಕ್. ಕೆಲಸ ಎಷ್ಟು ಸಲೀಸಾಗಿ ಸಾಗಿತೆಂದರೆ ಅವರು ಹಿಂದಿರುಗಿ ನೋಡಲೇ ಇಲ್ಲ. ನಾಲ್ಕು ಸಾಲು ಮುಗಿದ ಮೇಲೆ ನೆಟ್ಟಗೆ ನಿಂತು ನೋಡಿದಾಗಲೇ ತಿಳಿದದ್ದು, ಆ ಮಿಷನ್ ಒಂದೊಂದು ಒತ್ತಿಗೂ ಎರಡೆರಡು ತೂತು ಕೊರೆಯುತ್ತದೆ ಎಂದು. ದುಂಡಗೆ, ಒಂದೇ ಅಳತೆಗೆ, ಒಂದೇ ಅಂತರಕ್ಕೆ, ಜೋಡಿ ಜೋಡಿಯಾಗಿ. ಹೊಲದ ತುಂಬ ಎಲೆಗಳು ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿದ್ದವು.

"ಏನ್ರೀ ಅಧ್ಯಕ್ಷರೇ, ಬಗ್ಗಿದೋರು ಏಳಲೇ ಇಲ್ಲ! ಸೊಂಟ ಹಿಡ್ಕೊಳ್ತಾ?"

ಆ ಗಂಟಲು ಯಾರದೆಂದು ತಿರುಗಿ ನೋಡಬೇಕಿರಲಿಲ್ಲ. ಪಕ್ಕದ ಹೊಲದವರು ನಿವೃತ್ತ ಬಸ್ ಡ್ರೈವರ್. ಈಗಲೂ ಸಸಿ ನೆಡುವಾಗ "ಒಳಗೆ ಸರೀರಿ, ಜಾಗ ಇದೆ" ಎನ್ನುವ ಅಭ್ಯಾಸ. ಅಧ್ಯಕ್ಷರು ಗಾಬರಿಯಲ್ಲಿ ಮಿಷನ್ನನ್ನು ಪಂಚೆಯ ಮಡಿಕೆಗೆ ಸಿಕ್ಕಿಸಿ ಎದ್ದರು. ಎದ್ದಾಗ ಅದು ಕಟಕ್ ಎಂದಿತು.

"ಕೇಳಿದ್ರಾ? ಮೂಳೆ ಶಬ್ದ! ಕುಂತ್ಕೊಳ್ಳಿ, ಕುಂತ್ಕೊಳ್ಳಿ." ಡ್ರೈವರ್ ಬೇಲಿ ಹಾರಿ ಬಂದು ಅವರ ಬೆನ್ನು ನೀವತೊಡಗಿದರು. ನೀವಿದಾಗಲೆಲ್ಲ ಕಟಕ್. "ಎಷ್ಟೊಂದು ಕಡೆ ಸಡಿಲ ಆಗಿದೆ ನೋಡಿ. ಸಂಘಕ್ಕೆ ಅಂತ ದೇಹ ಸವೆಸಿಬಿಟ್ರಿ ನೀವು."

ಅಷ್ಟರಲ್ಲಿ ಅವರ ಕಣ್ಣು ಕೋಸಿನ ಮೇಲೆ ಬಿತ್ತು. ಕೈ ನಿಂತಿತು.

"ಇದೇನ್ರೀ ಇದು?"

"ಯಾವುದು?"

"ತೂತು! ದುಂಡಗೆ, ಕಾಸಿನ ಹಾಗೆ! ಅದೂ ಜೋಡಿ ಜೋಡಿ!"

ನಿಜ ಹೇಳಲು ಅದು ಸರಿಯಾದ ಗಳಿಗೆ. ಆದರೆ ಡ್ರೈವರ್ ಕೈ ಇನ್ನೂ ಅವರ ಬೆನ್ನ ಮೇಲೇ ಇತ್ತು, ಬೆಚ್ಚಗೆ. ಬೆನ್ನು ನೀವುತ್ತಿರುವವನಿಗೆ ಸುಳ್ಳು ಹೇಳುವುದು ಕಷ್ಟ, ನಿಜ ಹೇಳುವುದು ಇನ್ನೂ ಕಷ್ಟ.

"ಯಾವುದೋ... ಹೊಸ ಹುಳು ಇರಬೇಕು," ಎಂದರು ಅಧ್ಯಕ್ಷರು.

ಮುಂದಿನದೆಲ್ಲ ಬ್ರೇಕ್ ಇಲ್ಲದ ಬಸ್ಸು. ಡ್ರೈವರ್ ಫೋನ್ ತೆಗೆದು ನಾಲ್ಕು ಕಡೆಯಿಂದ ಫೋಟೋ ಹೊಡೆದು ಸಂಘದ ಎಲ್ಲರಿಗೂ ಕಳಿಸಿದರು. ಅಷ್ಟೇ ಅಲ್ಲ, ಮೇಡಮ್ಮಿಗೂ ಕಳಿಸಿದರು. "ಅಧ್ಯಕ್ಷರ ಹೊಲದಲ್ಲಿ ಜೋಡಿ ತೂತಿನ ಹುಳು. ತುರ್ತು." ಅರ್ಧ ಗಂಟೆಯಲ್ಲಿ ಏಳು ಮನೆಯವರೂ ಕೋಸಿನ ಸಾಲುಗಳ ನಡುವೆ ನಿಂತಿದ್ದರು.

"ಎರಡು ಬಾಯಿಯ ಹುಳುವೇ ಇರಬೇಕು."

"ಗಂಡ ಹೆಂಡತಿ ಜೊತೇಲಿ ತಿಂತಾವೇನೋ."

"ಇಷ್ಟು ದುಂಡಗೆ ತಿನ್ನಬೇಕಾದ್ರೆ ಓದಿದ ಹುಳುವೇ ಸೈ!"

ಡ್ರೈವರ್ ಮಾತ್ರ ನಗಲಿಲ್ಲ. "ಇದು ಹರಡಿದ್ರೆ ನಮ್ಮೆಲ್ಲರ ಕತೆ ಮುಗೀತು. ಅಧ್ಯಕ್ಷರೇ, ನನಗೆ ಬೇಜಾರಿದೆ, ಆದ್ರೂ ಹೇಳ್ತೀನಿ. ಹಿತ್ತಲ ಕೋಣೆಯ ಬಾಟಲಿ ತೆಗೀರಿ. ನಿಮ್ಮ ಹೊಲ ಒಂದಕ್ಕೆ ಹೊಡೆದುಬಿಡೋಣ. ಮೇಡಮ್ಮಿಗೆ ನಾವೇ ಹೇಳೋಣ."

ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ಬಲ್ಲವರು ಅವರೊಬ್ಬರೇ. "ಇಲ್ಲ! ಪ್ರಾಣ ಹೋದರೂ ಒಂದು ಹನಿ ವಿಷ ಬೇಡ!" ಎಂದು ಕೂಗಿದರು. ಕೂಗಿದ ರಭಸಕ್ಕೆ ಪಂಚೆಯೊಳಗೆ ಕಟಕ್ ಎಂದಿತು.

ಚಪ್ಪಾಳೆ ಬಿತ್ತು. ಅಧ್ಯಕ್ಷರ ಜೀವಮಾನದಲ್ಲೇ ಅಷ್ಟು ದೊಡ್ಡ ಚಪ್ಪಾಳೆ ಬಿದ್ದಿರಲಿಲ್ಲ. ಅವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಬಿಡಲಿಲ್ಲ. ಅದಕ್ಕೆ ಬದಲಾಗಿ ಎಲ್ಲರೂ ಅವರ ಹೊಲ ಉಳಿಸಲು ಟೊಂಕ ಕಟ್ಟಿದರು. ಒಬ್ಬರು ಬೂದಿ ತಂದು ಎರಚಿದರು. ಇನ್ನೊಬ್ಬರು ಬೆಳ್ಳುಳ್ಳಿ ಮೆಣಸಿನಕಾಯಿ ಅರೆದ ನೀರು ತಂದು ಬುಡಕ್ಕೆ ಹಾಕಿದರು. ಅದು ಕಣ್ಣಿಗೆ ಸಿಡಿದು ಅಧ್ಯಕ್ಷರ ಕಣ್ಣೀರು ಹರಿಯಿತು. ಅತ್ತರೆಂದು ಜನ ತಿಳಿದರು. ಪೂರ್ತಿ ತಪ್ಪೇನೂ ತಿಳಿಯಲಿಲ್ಲ.

ಕೊನೆಗೆ ಅಕ್ಕ ಬಂದರು, ತಲೆಯ ಮೇಲೆ ಬಲೆಯ ಸುರುಳಿ. ತಮ್ಮ ಎಳೆಯ ಸಸಿಗಳಿಗೆ ಹೊದಿಸಿದ್ದ ಬಲೆ ಅದು. ಇದ್ದದ್ದು ಅದೊಂದೇ.

"ಅಕ್ಕಾ, ನಿಮ್ಮ ಸಸಿ?"

"ನನ್ನವು ಹೇಗೋ ಆಗುತ್ತೆ. ಬೆಳಿಗ್ಗೆ ನೀವು ನನ್ನ ಹುಳು ಆರಿಸಿದ್ರಲ್ಲ ಅಣ್ಣಾ, ನಾನು ಇಷ್ಟು ಮಾಡಬಾರದಾ?"

ಅಧ್ಯಕ್ಷರು ಬಾಯಿ ತೆರೆದರು. ಹೇಳಿಯೇಬಿಡುತ್ತಿದ್ದರೇನೋ. ಅಷ್ಟರಲ್ಲಿ ರಸ್ತೆಯಲ್ಲಿ ಜೀಪು ನಿಂತ ಸದ್ದಾಯಿತು.

ಮೇಡಂ ಜೋರಿನವರೇನಲ್ಲ. ನಡುವಯಸ್ಸಿನ, ಹತ್ತಿಯ ಸೀರೆಯ, ಬಿಸಿಲಿಗೆ ಕಣ್ಣು ಕಿರಿದು ಮಾಡುವ ಹೆಂಗಸು. ಕಂಕುಳಲ್ಲಿ ಒಂದು ಫೈಲು. ಬಂದವರೇ ಚಪ್ಪಲಿ ಬದುವಿನ ಮೇಲೆ ಬಿಟ್ಟು ಹೊಲಕ್ಕೆ ಇಳಿದರು. ಜೋಡಿ ತೂತಿನ ಎಲೆಯೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಫೈಲನ್ನು ನೋಡಿದರು. ಆಮೇಲೆ ಅಧ್ಯಕ್ಷರನ್ನು ನೋಡಿದರು.

ಬಗ್ಗಿ ಎಲೆಯ ಅಡಿಭಾಗ ತಿರುಗಿಸಿದರು. ಇನ್ನೊಂದು ಎಲೆ, ಮತ್ತೊಂದು. ಅವರ ಮುಖದ ಮೇಲೆ ನಿಧಾನವಾಗಿ ನಗು ಹರಡಿತು. "ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಕಿತ್ತು ತೊಳೀದೆ ಬಾಯಿಗೆ ಹಾಕೋ ಹಾಗಿರಬೇಕು ಅಂತ ನೀವೇ ಅಲ್ವಾ ಹೇಳೋದು, ಅಧ್ಯಕ್ಷರೇ?" ಎನ್ನುತ್ತ ಒಳಗಿನ ಎಳೆಯ ಎಲೆಯೊಂದನ್ನು ಮುರಿದು ಬಾಯಿಯ ಹತ್ತಿರ ಒಯ್ದರು.

ಅಧ್ಯಕ್ಷರ ಕಣ್ಣ ಮುಂದೆ ಮೊನ್ನೆಯ ನೊರೆ ಬಂತು. ಬಿಳಿ ಮುಚ್ಚಳ ಬಂತು. ತಂಪು ಕೋಣೆ, ಸಂಘ, ಮರ್ಯಾದೆ ಎಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿ, ಆ ಹೆಂಗಸಿನ ಬಾಯಿ ಇನ್ನೊಂದು ತಟ್ಟೆಯಲ್ಲಿ.

"ತಿನ್ನಬೇಡೀ!"

ಹಾರಿ ಅವರ ಕೈಯಿಂದ ಎಲೆ ಕಿತ್ತುಕೊಂಡರು. ಆಯ ತಪ್ಪಿ ಕೋಸಿನ ಸಾಲಿನ ಮೇಲೆ ಬಿದ್ದರು. ಬಿದ್ದಲ್ಲಿಂದಲೇ ಎಲ್ಲವನ್ನೂ ಹೇಳಿದರು. ಹಸಿರು ಹುಳು, ಹಿತ್ತಲ ಕೋಣೆ, ಮೂಗಿನ ಟವೆಲ್, ವಾರಕ್ಕೆರಡು ಸಲ. "ಅದೂ ಅಕ್ಕನ ಬಾಟಲಿ. ನಂಬಿ ಕೊಟ್ಟ ಬಾಟಲಿ. ಬೇರೆ ಆರು ಜನರದ್ದು ಏನೂ ತಪ್ಪಿಲ್ಲ ಮೇಡಂ. ನನ್ನೊಬ್ಬನನ್ನ ಸಂಘದಿಂದ ತೆಗೀರಿ, ಅವರಿಗೆ ಕಂತು ಕೊಡಿ."

ಅಧ್ಯಕ್ಷರ ಹೆಂಡತಿ ಒಂದು ಚೊಂಬು ನೀರು ತಂದು ಗಂಡನ ಪಕ್ಕ ಇಟ್ಟು, ಜನರಿಗೂ ಅವರಿಗೂ ನಡುವೆ ಮರೆಯಾಗುವ ಹಾಗೆ ನಿಂತರು.

"ಬಿಳಿ ಮುಚ್ಚಳದ್ದಾ?" ಎಂದರು ಅಕ್ಕ.

"ಹೂಂ, ಅಕ್ಕ."

"ಹೊಡೆದ್ರೆ ನೊರೆ ಬರುತ್ತಾ?"

"ಬರುತ್ತೆ. ಜಾಸ್ತಿ ಬರುತ್ತೆ."

"ಬರದೇ ಏನು? ಅದು ಪಾತ್ರೆ ತೊಳೆಯೋ ಸಾಬೂನಿನ ನೀರು!"

ಅಧ್ಯಕ್ಷರು ಎದ್ದು ಕೂತರು.

ಅಕ್ಕನಿಗೇ ನಾಚಿಕೆಯಾದ ಹಾಗಿತ್ತು. "ಬೈಬೇಡಿ ಅಣ್ಣಾ. ನಿಮ್ಮ ಹಿತ್ತಲ ಕೋಣೆಗೆ ಚಿಲಕ ಇಲ್ಲ, ಮಗು ಓಡಾಡುತ್ತೆ. ನನಗೆ ಹೆದರಿಕೆ ಆಯ್ತು. ಬಾಟಲೀನ ಪೇಟೆಯ ಕೃಷಿ ಕೇಂದ್ರಕ್ಕೆ ತಗೊಂಡು ಹೋದೆ. ವಿಷ ಅವರು ತಗೊಂಡ್ರು, ತೊಳೆದ ಬಾಟಲಿ ವಾಪಸ್ ಕೊಟ್ರು. ಆದ್ರೆ ನಿಮ್ಮ ಫೋಟೋಗೆ ಬಾಟಲಿ ಬೇಕಿತ್ತಲ್ಲ. ಖಾಲಿ ಕಂಡ್ರೆ ನಿಮಗೆ ಬೇಜಾರಾಗುತ್ತೇನೋ ಅಂತ ಸಾಬೂನಿನ ನೀರು ತುಂಬಿಸಿ ಕೊಟ್ಟೆ."

"ವಿಷ ಅಲ್ಲ ಅಂತ ನನಗೆ ಮೊದಲೇ ಗೊತ್ತಾಗಿತ್ತು," ಎಂದರು ಮೇಡಂ. ಅವರ ಬೆರಳ ಮೇಲೆ ಕೆಂಪು ಗುಲಗಂಜಿ ಹುಳುವೊಂದು ಓಡಾಡುತ್ತಿತ್ತು. "ವಿಷ ಬಿದ್ದ ಹೊಲದಲ್ಲಿ ಇದು ಬದುಕಲ್ಲ. ಇಲ್ಲಿ ಎಲೆ ಎಲೆಯ ಕೆಳಗೂ ಇದೆ, ಜೇಡನೂ ಇದೆ. ಅದಕ್ಕೇ ತಿನ್ನೋಕೆ ಹೋದೆ. ನಾನು ತೂತು ನೋಡ್ತೀನಿ ಅಂತ ಯಾರು ಹೇಳಿದ್ದು ನಿಮಗೆ?"

"ಎಲ್ಲರೂ ಹೇಳ್ತಾರೆ..." ಎಂದರು ಅಧ್ಯಕ್ಷರು ಸಣ್ಣ ದನಿಯಲ್ಲಿ.

ಅಂದರೆ ಅವರು ಮಾಡದ ತಪ್ಪಿಗೆ ತಿಂಗಳಿಡೀ ತಲೆ ತಗ್ಗಿಸಿ, ಮಾಡದ ತಪ್ಪನ್ನು ಮುಚ್ಚಲು ಬೆಳಗಿಡೀ ಒದ್ದಾಡಿ, ಮಾಡದ ತಪ್ಪನ್ನು ಊರಿನ ಎದುರು ಒಪ್ಪಿಕೊಂಡಿದ್ದರು. ಸಮಾಧಾನ ಪಡೋಣವೆಂದರೆ ಮಾಡಬೇಕೆಂದು ಹೊರಟದ್ದಂತೂ ನಿಜವಾಗಿತ್ತು.

"ಹಾಗಾದ್ರೆ," ಎಂದು ಡ್ರೈವರ್ ತಲೆ ಕೆರೆದುಕೊಂಡರು, "ಆ ಜೋಡಿ ತೂತಿನ ಹುಳು?"

ಇದಕ್ಕೇ ಕಾದಿದ್ದಂತೆ ಬದುವಿನ ಮೇಲೆ ಸೈಕಲ್ ಗಂಟೆ ಟ್ರಿಣ್ ಎಂದಿತು. "ಅಧ್ಯಕ್ಷರೇ, ಪಂಚಿಂಗ್ ಮಿಷನ್ ಕೊಡ್ತೀರಾ? ಮೇಡಂ ಬಂದುಬಿಟ್ರಲ್ಲ!" ಎಂದ ಗುಮಾಸ್ತ.

ಅಧ್ಯಕ್ಷರು ಪಂಚೆಯ ಮಡಿಕೆಯಿಂದ ಅದನ್ನು ಹೊರತೆಗೆದರು. ಬಿದ್ದ ಏಟಿಗೆ ಅದರ ತಳದ ಮುಚ್ಚಳ ಸಡಿಲವಾಗಿತ್ತು. ಎತ್ತಿದ್ದೇ ತಡ ಬೆಳಗಿನಿಂದ ಶೇಖರವಾಗಿದ್ದ ಪುಟ್ಟ ಪುಟ್ಟ ಹಸಿರು ಬಿಲ್ಲೆಗಳು ಅವರ ಕಾಲ ಮೇಲೆ, ಚೊಂಬಿನ ಮೇಲೆ, ಮೇಡಮ್ಮಿನ ಬರಿಗಾಲ ಮೇಲೆ ಉದುರಿದವು.

ಮೇಡಂ ಫೈಲಿನಿಂದ ಒಂದು ಹಾಳೆ ಎಳೆದು ಕೋಸಿನ ಎಲೆಯ ಮೇಲಿಟ್ಟರು. ತೂತಿಗೆ ತೂತು ಸರಿಯಾಗಿ ಕೂತಿತು. "ಈ ಹುಳುವಿನ ಪರಿಚಯ ನನಗೆ ಬಹಳ ವರ್ಷದಿಂದ ಇದೆ," ಎಂದರು.

ಮೊದಲು ನಕ್ಕವರು ಅಧ್ಯಕ್ಷರ ಹೆಂಡತಿ. ಆಮೇಲೆ ತಡೆಯುವವರು ಯಾರೂ ಇರಲಿಲ್ಲ. ನಗುವಿನ ನಡುವೆಯೇ ಡ್ರೈವರ್ ಒಂದು ಪಕ್ಕಕ್ಕೆ ಸರಿದು ತಾವು ಕಳಿಸಿದ್ದ ಫೋಟೋಗಳನ್ನು ಒಂದೊಂದಾಗಿ ಅಳಿಸಿದರು. ಅದನ್ನು ಯಾರೂ ಗಮನಿಸಲಿಲ್ಲ, ಅಧ್ಯಕ್ಷರೊಬ್ಬರು ಗಮನಿಸಿದರು.

"ನಾನು ಅಧ್ಯಕ್ಷಗಿರಿ ಬಿಡ್ತೀನಿ," ಎಂದರು.

"ಬಿಟ್ಟು ಏನು ಮಾಡ್ತೀರಾ?" ಎಂದರು ಅಕ್ಕ, ಅವರ ಅಂಗಿಯ ಮೇಲಿನ ಬೂದಿ ಕೊಡವುತ್ತ. "ಇನ್ನೊಂದು ಸಲ ಹುಳು ಬಂದ್ರೆ ಒಂದು ಕೂಗು ಹಾಕಿ, ಎಲ್ಲರೂ ಬಂದು ಆರಿಸ್ತೀವಿ. ಒಟ್ಟಿಗೆ ಮಾಡೋಣ ಅಂತ ತಾನೇ ಸಂಘ ಕಟ್ಟಿದ್ದು? ಬೆಳಿಗ್ಗೆ ನೀವೇ ಮಾಡಿ ತೋರಿಸಿದ್ರಲ್ಲ."

ಬೆಳಿಗ್ಗೆ ಜೇಬಿಗೆ ಹಾಕಿಕೊಂಡ ಹುಳುಗಳ ವಿಷಯ ಅವರು ಬಿದ್ದಲ್ಲಿಂದ ಹೇಳಿದ ಪಟ್ಟಿಯಲ್ಲಿ ಸೇರಿರಲಿಲ್ಲ. ಈಗ ಹೇಳಿದರು. ಅಕ್ಕ ಕೈಯ ಬೂದಿ ಒರೆಸಿಕೊಳ್ಳುತ್ತ, "ಹೇಗಾದ್ರೂ ನನ್ನ ಹೊಲದಲ್ಲಿ ಅಷ್ಟು ಕಮ್ಮಿಯಾಯ್ತಲ್ಲ," ಎಂದರು. ಬೈದಿದ್ದರೆ ಎಷ್ಟೋ ಸುಲಭವಾಗಿತ್ತು.

ಮೇಡಂ ಕಂತಿಗೆ ಅಲ್ಲೇ ನಿಂತು ಒಪ್ಪಿಗೆ ಬರೆದರು. ಆದರೆ ಪೆನ್ನು ಮುಚ್ಚುವ ಮುಂಚೆ ತೂತು ಬಿದ್ದ ಸಾಲುಗಳನ್ನು ನೋಡಿ ನಿಟ್ಟುಸಿರುಬಿಟ್ಟರು. "ವಿಷ ಇಲ್ಲದೆ, ತೂತೂ ಇಲ್ಲದ ಕೋಸು. ಬೇರೆ ಊರಿನ ರೈತರಿಗೆ ತೋರಿಸೋಕೆ ಇಂಥ ಹೊಲಾನೇ ಹುಡುಕ್ತಿದ್ದೆ. ನೀವು ಸುಮ್ಮನೆ ಕೂತಿದ್ರೆ ಇದೇ ಮಾದರಿ ಹೊಲ ಆಗ್ತಿತ್ತು."

ಅಧ್ಯಕ್ಷರು ತಾವು ಕೊರೆದ ತೂತುಗಳನ್ನು ನೋಡಿದರು. ಅವೂ ಅವರನ್ನು ನೋಡಿದವು.

"ಪರವಾಗಿಲ್ಲ," ಎಂದು ಮೇಡಂ ಸಂತೈಸುವ ದನಿಯಲ್ಲಿ ಮುಂದುವರಿಸಿದರು, "ರೈತರನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ. ಮುಂದಿನ ವಾರದಿಂದ, ಊರಿಗೊಂದು ತಂಡ. ಸಾಬೂನಿನ ನೀರು ಎಷ್ಟು ಕೆಲಸ ಮಾಡುತ್ತೆ ಅಂತ ನೀವೇ ಹೇಳಬೇಕು. ಹೇಗೆ ಗೊತ್ತಾಯ್ತು ಅನ್ನೋದನ್ನೂ ಹೇಳಿ. ಮೊದಲಿಂದ ಕೊನೇವರೆಗೆ, ಒಂದೂ ಬಿಡದೆ. ಜನಕ್ಕೆ ಅದೇ ಮನಸ್ಸಿಗೆ ನಾಟೋದು. ಭಾಷಣ ನಿಮಗೆ ಅಭ್ಯಾಸ ಇದೆಯಲ್ಲ?"

ಸಂಜೆ ಹೊತ್ತಿಗೆ ಹಿತ್ತಲ ಕೋಣೆಗೆ ಚಿಲಕ ಬಿತ್ತು. ಅಧ್ಯಕ್ಷರು ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತು ಮುಂದಿನ ವಾರದ ಭಾಷಣ ಶುರುಮಾಡಿದರು. "ಮಾನ್ಯರೇ, ಒಂದು ಬೆಳಿಗ್ಗೆ ನನ್ನ ಕೋಸಿನ ಮೇಲೆ ಒಂದು ಹುಳು ಕಂಡಿತು. ಆಗ ನಾನು ಸಾಬೂನಿನ ನೀರು ಹೊಡೆದೆ. ಕೋಸು ಚೆನ್ನಾಗಿ ಬಂತು. ನಮಸ್ಕಾರ."

"ಟವೆಲ್ ಬಿಟ್ರಿ," ಎಂದಿತು ಅಡುಗೆಮನೆಯಿಂದ ಒಂದು ದನಿ. "ಪಂಚಿಂಗ್ ಮಿಷನ್ನೂ ಬಿಟ್ರಿ. ಮತ್ತೆ ಮೊದಲಿಂದ ಹೇಳಿ."

ಅಧ್ಯಕ್ಷರು ಗೋಡೆಯಿಂದ ಮುಖ ತಿರುಗಿಸಿದರು. ನೆಲದ ಮೇಲೆ ಕೂತಿದ್ದ ಮೊಮ್ಮಗಳು ಕೋಸಿನ ಎಲೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ದುಂಡನೆಯ ತೂತಿಗೆ ಒಂದು ಕಣ್ಣು ಹಚ್ಚಿ, ರೆಪ್ಪೆ ಮಿಟುಕಿಸದೆ ತಾತನನ್ನೇ ನೋಡುತ್ತಿದ್ದಳು.